ನಿಮಗಿದು ಗೊತ್ತೇ? ಗಡಿಯಾಚೆಯ ಮೂರು ಊರು, ಪಾನಾ ಹಿಡಿಯುವ ಪ್ರವಾಸ

ಜಹೀರಾಬಾದ್, ನಾರಾಯಣಖೇಡ, ತಾಂಡೂರು. ಮೂರೂ ಈಗ ತೆಲಂಗಾಣದ ಊರುಗಳು. ಮೂರರ ಸಂತೆಯಲ್ಲೂ ತೆಲುಗು, ಉರ್ದು, ಮರಾಠಿಯ ನಡುವೆ ಕನ್ನಡವೂ ಕಿವಿಗೆ ಬೀಳುತ್ತದೆ. ಈ ಕಡೆಯ ಶಾಲಾ ಪ್ರವಾಸ ಎಂದರೆ ಬಹುತೇಕ ಹೈದರಾಬಾದ್: ಚಾರ್‌ಮಿನಾರ್, ಗೋಲ್ಕೊಂಡ, ಮೃಗಾಲಯ, ರಾತ್ರಿ ಹನ್ನೊಂದಕ್ಕೆ ತೂಕಡಿಸುತ್ತ ಮನೆಗೆ. ಬೇಡವೆಂದು ಯಾರು ಹೇಳುತ್ತಾರೆ? ಆದರೆ ಮಕ್ಕಳು ಎಂಜಿನಿಯರಿಂಗನ್ನು ಕೈಯಿಂದ ಮುಟ್ಟಿ ಕಲಿಯಬೇಕಾದರೆ ಬಸ್ಸಿಗೆ ಅಷ್ಟು ಡೀಸೆಲ್ ಹಾಕಿಸಬೇಕಾಗಿಲ್ಲ. ಬೇಕಾದದ್ದು ಬಹುಪಾಲು ಊರ ಪಕ್ಕದಲ್ಲೇ ಇದೆ.

ಈ ಮೂರನ್ನೇ ಏಕೆ ಒಟ್ಟಿಗೆ ಕಟ್ಟಿದಿರಿ ಎಂದು ಕೇಳುವವರಿಗೆ ಉತ್ತರ 1956ರ ರಾಜ್ಯ ಪುನರ್ವಿಂಗಡಣಾ ಕಾಯ್ದೆಯಲ್ಲಿದೆ. ಆ ವರ್ಷದ ನವೆಂಬರ್ 1ರ ತನಕ ಜಹೀರಾಬಾದ್ ಮತ್ತು ನಾರಾಯಣಖೇಡ ಬೀದರ್ ಜಿಲ್ಲೆಯ ತಾಲ್ಲೂಕುಗಳು. ತಾಂಡೂರು, ಕೊಡಂಗಲ್ ಗುಲ್ಬರ್ಗಾ ಜಿಲ್ಲೆಯವು. ಬೀದರ್, ಗುಲ್ಬರ್ಗಾ ಮೈಸೂರು ರಾಜ್ಯಕ್ಕೆ ಬಂದಾಗ ಇವು ಆಂಧ್ರಪ್ರದೇಶಕ್ಕೆ ಹೋದವು. ಹಂಚಿಕೆ ಎಷ್ಟು ಸೂಕ್ಷ್ಮವಾಗಿತ್ತೆಂದರೆ ಜಹೀರಾಬಾದ್ ತಾಲ್ಲೂಕಿನಲ್ಲಿ ನಿರ್ಣಾ ಸರ್ಕಲ್ ಒಂದನ್ನು ಮಾತ್ರ ಬೀದರಿಗೆ ಬಿಟ್ಟರು. ಬದಲಿಗೆ ಬೀದರ್ ತಾಲ್ಲೂಕಿನ ನ್ಯಾಲಕಲ್ ಸರ್ಕಲ್ ಆಚೆ ಹೋಯಿತು. ಗಡಿ ಬದಲಾಯಿತು, ನೆಲದ ಕಲ್ಲು, ನೀರು, ರೈಲು ಹಳಿ ಬದಲಾಗಲಿಲ್ಲ.

ಹಳಿಯಿಂದಲೇ ಶುರು ಮಾಡೋಣ. ಸಿಕಂದರಾಬಾದಿನಿಂದ ವಾಡಿಗೆ ನಿಜಾಮರ ರೈಲು ಮಾರ್ಗ ತೆರೆದದ್ದು 1874ರಲ್ಲಿ. ತಾಂಡೂರು ಅದೇ ಮಾರ್ಗದ ನಿಲ್ದಾಣ. ವಾಡಿಯಲ್ಲಿ ಅದು ಮುಂಬೈ–ಮದ್ರಾಸ್ ಮಾರ್ಗವನ್ನು ಕೂಡಿಕೊಂಡದ್ದರಿಂದ ನಿಜಾಮರ ರಾಜಧಾನಿಗೆ ಹೊರಜಗತ್ತಿನ ಬಾಗಿಲು ತೆರೆಯಿತು. ವಿಕಾರಾಬಾದಿನಿಂದ ಬೀದರಿಗೆ ಕವಲು ಹೊರಟದ್ದು 1930ರಲ್ಲಿ. ಜಹೀರಾಬಾದ್ ಅದರ ಮೇಲಿದೆ.

ಇನ್ನು ಇದು ಬಹಳ ಮಂದಿಗೆ ಗೊತ್ತಿಲ್ಲದ ಸಂಗತಿ. ರೈಲುಗಳು ಒಂದಕ್ಕೊಂದು ಡಿಕ್ಕಿ ಹೊಡೆಯದಂತೆ ತಡೆಯುವ ‘ಕವಚ್’ ವ್ಯವಸ್ಥೆಯ ಬಗ್ಗೆ ಪತ್ರಿಕೆಗಳಲ್ಲಿ ಓದಿರುತ್ತೀರಿ. ಅದನ್ನು ದೇಶದಲ್ಲಿ ಮೊದಲು ಪರೀಕ್ಷೆಗೆ ಒಡ್ಡಿದ ಮಾರ್ಗ ಯಾವುದು? ದೆಹಲಿಯದಲ್ಲ, ಮುಂಬೈಯದಲ್ಲ. ಲಿಂಗಂಪಲ್ಲಿ–ವಿಕಾರಾಬಾದ್–ವಾಡಿ ಮತ್ತು ವಿಕಾರಾಬಾದ್–ಬೀದರ್, ಒಟ್ಟು ಸುಮಾರು 250 ಕಿಲೋಮೀಟರ್. ತಾಂಡೂರು ಒಂದರ ಮೇಲೆ, ಜಹೀರಾಬಾದ್ ಇನ್ನೊಂದರ ಮೇಲೆ! ಪ್ರಯಾಣಿಕರ ರೈಲುಗಳಲ್ಲಿ ಪರೀಕ್ಷೆ ಶುರುವಾದದ್ದು 2016ರ ಫೆಬ್ರವರಿಯಲ್ಲಿ. ರೈಲ್ವೆಯ ಸಂಶೋಧನಾ ಸಂಸ್ಥೆ ಆರ್‌ಡಿಎಸ್‌ಒ ಜೊತೆ ಸೇರಿ ಇದನ್ನು ರೂಪಿಸಿದ ಮೇಧಾ, ಎಚ್‌ಬಿಎಲ್, ಕರ್ನೆಕ್ಸ್ ಮೂರೂ ಹೈದರಾಬಾದಿನ ಕಂಪನಿಗಳು.

2022ರ ಮಾರ್ಚ್ 4ರಂದು ವಿಕಾರಾಬಾದ್ ಹತ್ತಿರದ ಗುಲ್ಲಗುಡ–ಚಿಟ್‌ಗಿಡ್ಡ ನಡುವೆ ಒಂದೇ ಹಳಿಯ ಮೇಲೆ ಎರಡು ಎಂಜಿನ್‌ಗಳನ್ನು ಎದುರುಬದುರಾಗಿ ಓಡಿಸಿದರು. ಒಂದರಲ್ಲಿ ರೈಲ್ವೆ ಸಚಿವ ಅಶ್ವಿನಿ ವೈಷ್ಣವ್, ಇನ್ನೊಂದರಲ್ಲಿ ರೈಲ್ವೆ ಮಂಡಳಿಯ ಅಧ್ಯಕ್ಷರು. ಬ್ರೇಕು ತಾನಾಗಿ ಬಿದ್ದು, 380 ಮೀಟರ್ ಅಂತರ ಇರುವಾಗಲೇ ಎರಡೂ ನಿಂತವು. ತಾವು ಮಾಡಿಸಿದ್ದನ್ನು ತಾವೇ ಹತ್ತಿ ಪರೀಕ್ಷಿಸುವ ಈ ಪದ್ಧತಿ ಇನ್ನಷ್ಟು ಇಲಾಖೆಗಳಿಗೆ ಬಂದರೆ ಒಳ್ಳೆಯದು.

ಅದು ಕೆಲಸ ಮಾಡುವುದು ಹೇಗೆ? ಹಳಿಗಳ ನಡುವಿನ ಸ್ಲೀಪರಿನ ಮೇಲೆ ಅಲ್ಲಲ್ಲಿ ಚಪ್ಪಟೆ ಟ್ಯಾಗ್‌ಗಳನ್ನು ಕೂರಿಸಿರುತ್ತಾರೆ. ಎಂಜಿನ್ನಿನ ಹೊಟ್ಟೆಯಡಿಯ ರೀಡರ್ ಅದನ್ನು ಓದಿ ‘ನಾನೀಗ ಇಲ್ಲಿದ್ದೇನೆ’ ಎಂದು ತಿಳಿದುಕೊಳ್ಳುತ್ತದೆ. ನಿಲ್ದಾಣದ ಟವರ್ ರೇಡಿಯೊ ಮೂಲಕ ‘ಮುಂದಿನ ಸಿಗ್ನಲ್ ಕೆಂಪು’ ಎನ್ನುತ್ತದೆ. ಚಾಲಕ ಗಮನಿಸದಿದ್ದರೆ ಯಂತ್ರವೇ ಬ್ರೇಕು ಹಾಕುತ್ತದೆ. ಮೆಟ್ರೊ ಕಾರ್ಡಿನಲ್ಲಿರುವ ಆರ್‌ಎಫ್‌ಐಡಿ ತಂತ್ರವೇ ಇಲ್ಲಿಯೂ ಇರುವುದು. ತಾಂಡೂರಿನ ಎಂಟನೇ ತರಗತಿಯ ಹುಡುಗಿ ಪ್ಲಾಟ್‌ಫಾರ್ಮಿನ ಮೇಲೆ ನಿಂತೇ ಇದನ್ನೆಲ್ಲ ತೋರಿಸಿ ವಿವರಿಸಬಲ್ಲಳು. ಹಳಿಗೆ ಇಳಿಯುವ ಮಾತೇ ಬೇಡ.

ರೈಲಿನೊಳಗೆ ಕುಳಿತು ಮಾಡುವ ಪ್ರಯೋಗವೂ ಒಂದಿದೆ. ಕಿಟಕಿಯಾಚೆ ಕಿಲೋಮೀಟರ್ ಕಲ್ಲುಗಳು ಬರುತ್ತವೆ. ಒಂದರಿಂದ ಮುಂದಿನದಕ್ಕೆ ಎಷ್ಟು ಸೆಕೆಂಡು ಎಂದು ಎಣಿಸಿ, 3600ನ್ನು ಅದರಿಂದ ಭಾಗಿಸಿ. 36 ಸೆಕೆಂಡು ಹಿಡಿದರೆ ಗಂಟೆಗೆ 100 ಕಿಲೋಮೀಟರ್. 60 ಹಿಡಿದರೆ 60.

ಈಗ ಕಲ್ಲಿಗೆ ಬರೋಣ. ಬೆಂಗಳೂರಿನವರು ‘ತಾಂಡೂರು ಸ್ಟೋನ್’ ಎಂದು ಕೊಂಡು ಅಂಗಳಕ್ಕೆ ಹಾಸುವುದು, ಕಲಬುರಗಿಯವರು ‘ಫರಸಿ’ ಎಂದು ಮನೆತುಂಬ ಹಾಸುವುದು, ಶಹಾಬಾದ್ ಕಲ್ಲು ಎಂದು ಹೆಸರಾದದ್ದು, ಎಲ್ಲವೂ ಒಂದೇ ಕುಟುಂಬ: ಭೀಮಾ ಕಣಿವೆಯ ಸುಣ್ಣಕಲ್ಲು. ಕೋಟ್ಯಂತರ ವರ್ಷಗಳ ಹಿಂದೆ ಇಲ್ಲಿದ್ದ ಕಡಲಿನ ತಳದಲ್ಲಿ ಪದರ ಪದರವಾಗಿ ಕೂತದ್ದು. ಪದರ ಇರುವುದರಿಂದಲೇ ಉಳಿ, ಬೆಣೆ, ಸುತ್ತಿಗೆ ಸಾಕು. ಗರಗಸದ ಯಂತ್ರ ಬರುವ ಮುಂಚೆಯೇ ನಮ್ಮವರು ಹಲಗೆಯಂತೆ ಕಲ್ಲು ಎಬ್ಬಿಸುತ್ತಿದ್ದರು. ನೀಲಿ, ಹಳದಿ ಎರಡು ಬಣ್ಣದಲ್ಲಿ ಸಿಗುತ್ತದೆ. ಊರ ಸುತ್ತ ಪಾಲಿಶ್ ಘಟಕಗಳ ಸಾಲು.

ಒಂದು ಪ್ರಯೋಗ ಹೇಳುತ್ತೇನೆ, ಖರ್ಚು ಒಂದು ನಿಂಬೆಹಣ್ಣು. ಮೂರು ಊರಿನಿಂದ ಮೂರು ಕಲ್ಲು ತನ್ನಿ: ತಾಂಡೂರಿನ ಫರಸಿ ಚೂರು, ಜಹೀರಾಬಾದ್ ಕಡೆಯ ಕೆಂಪು ಜಂಬಿಟ್ಟಿಗೆ, ನಾರಾಯಣಖೇಡದ ಹೊಲದ ಕರಿಕಲ್ಲು. ಮೂರರ ಮೇಲೂ ನಿಂಬೆರಸ ಹಿಂಡಿ. ಫರಸಿ ಮೆಲ್ಲಗೆ ನೊರೆ ಬಿಡುತ್ತದೆ. ಮೊಳೆಯಿಂದ ಕೆರೆದು ಪುಡಿ ಮಾಡಿದ ಜಾಗದಲ್ಲಿ ಇನ್ನೂ ಜೋರಾಗಿ. ಬೇರೆ ಎರಡು ಸುಮ್ಮನಿರುತ್ತವೆ. ಆಮೇಲೆ ಮೂರನ್ನೂ ಒಣಗಿಸಿ ತೂಕ ಮಾಡಿ, ರಾತ್ರಿಯಿಡೀ ನೀರಿನಲ್ಲಿಟ್ಟು ಮತ್ತೆ ತೂಗಿ. ಜಂಬಿಟ್ಟಿಗೆ ಎಷ್ಟು ನೀರು ಕುಡಿದಿದೆ ಎಂದು ನೋಡಿದವರಿಗೆ ಆ ನೆಲದಲ್ಲಿ ಮಳೆ ನೀರು ಏಕೆ ಬೇಗ ಇಂಗುತ್ತದೆ, ನಾರಾಯಣಖೇಡದ ಕರಿಮಣ್ಣಿನಲ್ಲಿ ಏಕೆ ನಿಲ್ಲುತ್ತದೆ ಎಂಬ ಪ್ರಶ್ನೆ ತಾನಾಗಿ ಹುಟ್ಟುತ್ತದೆ. ಶಿಕ್ಷಕರು ಉತ್ತರವನ್ನು ಆ ದಿನವೇ ಹೇಳದಿದ್ದರೆ ಇನ್ನೂ ಒಳ್ಳೆಯದು.

ಕಟ್ಟಡದ ಪಾಠ ಬೇಕೆ? ಒಂದೇ ಉದ್ದ, ಒಂದೇ ಅಗಲದ ಎರಡು ಫರಸಿ ಪಟ್ಟಿಗಳನ್ನು ತನ್ನಿ. ಒಂದರ ದಪ್ಪ ಇನ್ನೊಂದರ ಎರಡು ಪಟ್ಟು ಇರಲಿ. ಎರಡು ಇಟ್ಟಿಗೆಗಳ ಮೇಲೆ ಅಡ್ಡ ಇಟ್ಟು ನಡುವೆ ಮರಳಿನ ಚೀಲ ಹೇರುತ್ತ ಹೋಗಿ. ಎರಡು ಪಟ್ಟು ದಪ್ಪದ್ದು ಎರಡು ಪಟ್ಟು ಭಾರ ಹೊರುತ್ತದೆ ಎಂದು ಮಕ್ಕಳು ಊಹಿಸುತ್ತಾರೆ. ಹೊರುವುದು ಸುಮಾರು ನಾಲ್ಕು ಪಟ್ಟು. ದಪ್ಪದ ವರ್ಗಕ್ಕೆ ತಕ್ಕಂತೆ ಬಲ ಏರುತ್ತದೆ ಎಂಬ ಸೂತ್ರವನ್ನು ಎಂಜಿನಿಯರಿಂಗ್ ಕಾಲೇಜಿನಲ್ಲಿ ಎರಡನೇ ವರ್ಷ ಕಲಿಸುತ್ತಾರೆ. ತಾಂಡೂರಿನ ಹಳೆ ಮಿಸ್ತ್ರಿಗೆ ಅದು ಕೈಯಲ್ಲೇ ಗೊತ್ತು. ಕಾಲಿನ ಮೇಲೆ ಬೀಳದಂತೆ ದೂರ ನಿಲ್ಲಿ, ಬೂಟು ಹಾಕಿಕೊಳ್ಳಿ.

ಅದೇ ಸುಣ್ಣಕಲ್ಲು ಸಿಮೆಂಟಿನ ತಾಯಿ. ಕೇಂದ್ರ ಸರ್ಕಾರದ ಸಿಮೆಂಟ್ ಕಾರ್ಪೊರೇಷನ್ (ಸಿಸಿಐ) ಗಡಿಯ ಎರಡೂ ಬದಿ ಕಾರ್ಖಾನೆ ಕಟ್ಟಿತ್ತು: ಈಚೆ ಸೇಡಂ ತಾಲ್ಲೂಕಿನ ಕುರಕುಂಟ, ಆಚೆ ತಾಂಡೂರು. ಕುರಕುಂಟದ್ದು ಮುಚ್ಚಿತು, ತಾಂಡೂರಿನದು ಆ ನಿಗಮದಲ್ಲಿ ನಡೆಯುತ್ತ ಬಂದ ಕೆಲವೇ ಘಟಕಗಳಲ್ಲಿ ಒಂದು.

ಸಿಮೆಂಟ್ ಗೂಡಿನ ಒಳಗೆ ಬಿಸಿ ಎಷ್ಟು? ಸುಮಾರು 1450 ಡಿಗ್ರಿ ಸೆಲ್ಸಿಯಸ್. 100 ಕಿಲೋ ಶುದ್ಧ ಸುಣ್ಣಕಲ್ಲು ಸುಟ್ಟರೆ 56 ಕಿಲೋ ಸುಣ್ಣ ಉಳಿಯುತ್ತದೆ, 44 ಕಿಲೋ ಇಂಗಾಲದ ಡೈಆಕ್ಸೈಡ್ ಆಗಿ ಗಾಳಿಗೆ ಹೋಗುತ್ತದೆ. ಕಲ್ಲಿದ್ದಲಿನ ಹೊಗೆಯ ಲೆಕ್ಕ ಬೇರೆ. ಹವಾಮಾನ ಬದಲಾವಣೆಯ ಪಾಠಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ತಾಂಡೂರಿನ ಮಕ್ಕಳಿಗೆ ಬೇಕಿಲ್ಲ. ಪ್ರವಾಸಕ್ಕೆ ಹೋದವರು ದೊಡ್ಡ ಯಂತ್ರಗಳ ಜೊತೆ ಇನ್ನೊಂದನ್ನೂ ನೋಡಿ ಬರಲಿ: ಪಾಲಿಶ್ ಘಟಕದಲ್ಲಿ ದೂಳಿನ ನಡುವೆ ನಿಂತವರ ಮೂಗಿಗೆ ಏನು ಕಟ್ಟಿದೆ? ಅದೂ ಎಂಜಿನಿಯರಿಂಗ್ ಪ್ರಶ್ನೆಯೇ.

ಕಲ್ಲಿನ ಜೊತೆ ಈ ನೆಲದ ಬೆಳೆಯದೂ ಒಂದು ಮಾತು: ಕಲಬುರಗಿ ತೊಗರಿಗೆ 2019ರಲ್ಲಿ, ತಾಂಡೂರು ತೊಗರಿಗೆ 2022ರಲ್ಲಿ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಸಿಕ್ಕಿತು. ದಾಲ್ ಮಿಲ್ಲಿಗೆ ಹೋದರೆ ತೊಗರಿಗೆ ಎಣ್ಣೆ ಸವರಿ, ಒಣಗಿಸಿ, ಉರುಳೆಯ ನಡುವೆ ಹಾಯಿಸಿ ಬೇಳೆ ಒಡೆಯದಂತೆ ಸಿಪ್ಪೆ ಬಿಡಿಸುವುದನ್ನು ನೋಡಬಹುದು.

ನಾರಾಯಣಖೇಡದಲ್ಲಿ ಮತ್ತು ತಾಂಡೂರಿನಲ್ಲಿ ಒಂದೇ ದಿನ ಮಳೆ ಬಂತು ಎನ್ನಿ. ಆ ನೀರು ಒಂದೇ ಕಡೆ ಹೋಗುತ್ತದೆಯೇ? ಇಲ್ಲ. ತಾಂಡೂರಿನದು ಕಾಗಿಣಾ ಸೇರಿ, ರಾಷ್ಟ್ರಕೂಟರ ಮಾನ್ಯಖೇಟವಾಗಿದ್ದ ಮಳಖೇಡದ ಪಕ್ಕ ಹಾದು, ಭೀಮೆಗೆ, ಅಲ್ಲಿಂದ ಕೃಷ್ಣೆಗೆ. ನಾರಾಯಣಖೇಡದ್ದು ಮಂಜೀರಾ ಹಿಡಿದು ಗೋದಾವರಿಗೆ. ಮಂಜೀರಾ ಒಂದು ವಿಚಿತ್ರ ನದಿ. ಮಹಾರಾಷ್ಟ್ರದ ಬಾಲಾಘಾಟ್ ಬೆಟ್ಟದಲ್ಲಿ ಹುಟ್ಟಿ ಆಗ್ನೇಯಕ್ಕೆ ಹರಿಯುತ್ತ ಬೀದರ್ ಜಿಲ್ಲೆ ದಾಟುತ್ತದೆ; ಸಂಗಾರೆಡ್ಡಿ ಹತ್ತಿರ ಬಂದವಳು ಏನೋ ಮರೆತವಳಂತೆ ಉತ್ತರಕ್ಕೆ ತಿರುಗಿ ಹೋಗುತ್ತಾಳೆ. ಅಟ್ಲಾಸ್ ತೆರೆದು ಬೆರಳಿನಿಂದ ಹಿಂಬಾಲಿಸಿ ನೋಡಿ, ನಾರಾಯಣಖೇಡವನ್ನು ಬಳಸಿಕೊಂಡೇ ಹೋಗಿದ್ದಾಳೆ.

ಆ ತಿರುವಿನಾಚೆ ನಿಜಾಂಸಾಗರ ಅಣೆಕಟ್ಟು ಇದೆ. 1923ರಲ್ಲಿ ಶುರು, 1931ರಲ್ಲಿ ಮುಕ್ತಾಯ. ಎಂಜಿನಿಯರ್ ನವಾಬ್ ಅಲಿ ನವಾಜ್ ಜಂಗ್ ಬಹಾದ್ದೂರ್. ಅವರು ಹುಟ್ಟಿದ್ದು 1877ರ ಜುಲೈ 11. ತೆಲಂಗಾಣ ಆ ದಿನವನ್ನು ತನ್ನ ಎಂಜಿನಿಯರುಗಳ ದಿನವಾಗಿ ಆಚರಿಸುತ್ತದೆ. ದೇಶದ ಎಂಜಿನಿಯರುಗಳ ದಿನ ಸೆಪ್ಟೆಂಬರ್ 15, ವಿಶ್ವೇಶ್ವರಯ್ಯನವರ ಜನ್ಮದಿನ. ಹಾಗಾಗಿ ಗಡಿಯ ಶಾಲೆಗೆ ವರ್ಷಕ್ಕೆ ಎರಡು ಹಬ್ಬ.

ವಿಶ್ವೇಶ್ವರಯ್ಯ ಎಂದರೆ ನಮಗೆ ಕನ್ನಂಬಾಡಿ. ಅದಕ್ಕೂ ಮುಂಚೆ ಅವರನ್ನು ಕರೆಸಿಕೊಂಡದ್ದು ಹೈದರಾಬಾದ್. 1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿ ಉಕ್ಕಿ ನಗರವನ್ನೇ ಕೊಚ್ಚಿದ ಮೇಲೆ, ಮೇಲ್ಭಾಗದಲ್ಲಿ ಜಲಾಶಯ ಕಟ್ಟಿ ಪ್ರವಾಹ ತಡೆಯಿರಿ ಎಂದು ಅವರು ಕೊಟ್ಟ ಸಲಹೆಯ ಫಲವೇ ಉಸ್ಮಾನ್ ಸಾಗರ ಮತ್ತು ಹಿಮಾಯತ್ ಸಾಗರ. ಆ ಮೂಸಿ ಹುಟ್ಟುವುದು ವಿಕಾರಾಬಾದ್ ಪಕ್ಕದ ಅನಂತಗಿರಿ ಬೆಟ್ಟದಲ್ಲಿ. ತಾಂಡೂರಿನ ಮಕ್ಕಳಿಗೆ ಅದು ತಮ್ಮದೇ ಜಿಲ್ಲೆ.

2022ರ ಫೆಬ್ರವರಿ 21ರಂದು ನಾರಾಯಣಖೇಡದಲ್ಲಿ ಎರಡು ಏತ ನೀರಾವರಿ ಯೋಜನೆಗಳಿಗೆ ಅಡಿಗಲ್ಲು ಬಿತ್ತು. ಒಂದು ಸಂಗಮೇಶ್ವರ, ಇನ್ನೊಂದು ಬಸವೇಶ್ವರ. ಕೂಡಲಸಂಗಮದ ನೆನಪು ತರುವ ಜೋಡಿ ಹೆಸರು, ಅದೂ ಆಚೆಯ ಸರ್ಕಾರ ಇಟ್ಟದ್ದು! ಸಿಂಗೂರು ಜಲಾಶಯದ ನೀರನ್ನು ಎತ್ತರದ ಜಹೀರಾಬಾದ್, ನಾರಾಯಣಖೇಡ, ಅಂದೋಲ್ ಕಡೆಗೆ ಎತ್ತುವುದು, ಒಟ್ಟು 3.84 ಲಕ್ಷ ಎಕರೆಗೆ ಉಣಿಸುವುದು ಯೋಜನೆಯ ಲೆಕ್ಕ. ಒಂಬತ್ತನೇ ತರಗತಿಯ ಭೌತಶಾಸ್ತ್ರಕ್ಕೆ ಇದನ್ನೇ ಕೊಡಬಾರದೇಕೆ? ಸೆಕೆಂಡಿಗೆ ಒಂದು ಘನ ಮೀಟರ್, ಅಂದರೆ 1000 ಲೀಟರ್ ನೀರನ್ನು 100 ಮೀಟರ್ ಎತ್ತಲು ಸುಮಾರು ಒಂದು ಮೆಗಾವಾಟ್ ವಿದ್ಯುತ್ ಬೇಕು, ಪಂಪಿನಲ್ಲಿ ಸೋರುವುದನ್ನು ಬಿಟ್ಟು. ಪುಸ್ತಕದಲ್ಲಿರುವ ‘ಒಬ್ಬ ಹುಡುಗ 10 ಕೆ.ಜಿ. ಪೆಟ್ಟಿಗೆಯನ್ನು ಎತ್ತಿದರೆ’ ಎಂಬ ಲೆಕ್ಕಕ್ಕಿಂತ ಇದು ರೈತನ ಮಗನಿಗೆ ಬೇಗ ಹತ್ತುತ್ತದೆ.

ಹಳ್ಳದ ನೀರಿನ ಹರಿವು ಅಳೆಯಲು ಯಂತ್ರ ಬೇಡ. ಹತ್ತು ಮೀಟರ್ ದೂರಕ್ಕೆ ಎರಡು ಗೂಟ ನೆಟ್ಟು ತೆಂಗಿನ ಸಿಪ್ಪೆ ತೇಲಿಬಿಡಿ, ಸೆಕೆಂಡು ಎಣಿಸಿ. ಮೇಲ್ಮೈ ವೇಗವನ್ನು ಸುಮಾರು 0.85ರಿಂದ ಗುಣಿಸಿದರೆ ಸರಾಸರಿ ವೇಗ; ಅದನ್ನು ಹಳ್ಳದ ಅಗಲ, ಆಳಗಳಿಂದ ಗುಣಿಸಿದರೆ ಹರಿವು. ಮೊಣಕಾಲುದ್ದದ ನೀರು ಸಾಕು, ಮಳೆಗಾಲದ ಹೊಳೆಯಲ್ಲಿ ಬೇಡವೇ ಬೇಡ.

ಜಹೀರಾಬಾದಿನಿಂದ ಬೀದರ್ ಮೂವತ್ತು ಕಿಲೋಮೀಟರ್ ಆಸುಪಾಸು. ಅಲ್ಲಿ ಕೋಟೆ ನೋಡಿ ಬರುವ ಶಾಲೆಗಳು ಬಹಳ, ನೌಬಾದಿನ ಕರೇಜ್ ನೋಡುವವು ಕಡಿಮೆ. ಬಹಮನಿಗಳ ಕಾಲದಲ್ಲಿ ಪರ್ಷಿಯಾದ ತಂತ್ರದಂತೆ ನೆಲದಡಿ ಕೊರೆದ ನೀರಿನ ಸುರಂಗ ಅದು. ಮೇಲಿನ ಜಂಬಿಟ್ಟಿಗೆ ನೀರು ಇಂಗಿಸುತ್ತದೆ, ಕೆಳಗಿನ ಕರಿಕಲ್ಲು ಇಳಿಯಗೊಡುವುದಿಲ್ಲ. ಎರಡರ ನಡುವೆ ಸಿಕ್ಕಿದ ನೀರನ್ನು ಅತಿ ಮೆಲ್ಲನೆಯ ಇಳಿಜಾರಿನಲ್ಲಿ ಊರಿಗೆ ಹರಿಸಿದರು. ಪಂಪಿಲ್ಲ, ಎತ್ತಿಲ್ಲ. ಗಾಳಿ ಬೆಳಕಿಗೆ, ಹೂಳು ತೆಗೆಯಲಿಕ್ಕೆ ಮೇಲಿನಿಂದ ಬಾವಿಯಂಥ ಕಿಂಡಿಗಳು. ಮೊದಲು ಮೂರು ಕಲ್ಲಿನ ಪ್ರಯೋಗ ಮಾಡಿದ ಮಕ್ಕಳನ್ನು ಇಲ್ಲಿಗೆ ಕರೆತನ್ನಿ, ಮಾರ್ಗದರ್ಶಿ ಬೇಕಾಗುವುದಿಲ್ಲ. ಇದರ ದೂರದ ಸೋದರ ಕಾಸರಗೋಡಿನಲ್ಲಿದೆ: ಅಲ್ಲಿಯ ಕನ್ನಡ, ತುಳು ರೈತರು ಜಂಬಿಟ್ಟಿಗೆ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗಗಳಿಂದ ಇಂದಿಗೂ ತೋಟಕ್ಕೆ ನೀರು ಪಡೆಯುತ್ತಾರೆ.

ಬೀದರಿಗೆ ಹೋದಮೇಲೆ ಬಿದರಿ ಕೆಲಸದ ಓಣಿಗೂ ಹೊಕ್ಕು ಬನ್ನಿ. ಸತು, ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಬೆಳ್ಳಿ ತಂತಿ ಕೂರಿಸಿ, ನವಸಾಗರ ಬೆರೆಸಿದ ಕೋಟೆಯ ಮಣ್ಣಿನ ನೀರಿಗೆ ಹಾಕಿದರೆ ಪಾತ್ರೆ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಯಾಕೆ ಬೆಳ್ಳಿ ಕಪ್ಪಾಗಲಿಲ್ಲ? ರಸಾಯನಶಾಸ್ತ್ರದ ಮೇಷ್ಟ್ರು ಮೊದಲೇ ಓದಿಕೊಂಡು ಹೋಗಲಿ.

ಹೊಸ ಶಿಕ್ಷಣ ನೀತಿ 2020ರಲ್ಲಿ ಬಂದಾಗ ಎಲ್ಲರ ಬಾಯಲ್ಲೂ ‘ಬ್ಯಾಗಿಲ್ಲದ ಹತ್ತು ದಿನ’. ಆರರಿಂದ ಎಂಟನೇ ತರಗತಿಯ ಮಕ್ಕಳು ಹತ್ತು ದಿನ ಪುಸ್ತಕದ ಚೀಲ ಬಿಟ್ಟು ಬಡಗಿ, ಕುಂಬಾರ, ತೋಟಗಾರರ ಬಳಿ ಕೆಲಸ ಕಲಿಯಬೇಕು ಎನ್ನುತ್ತದೆ ನೀತಿ. ಜಹೀರಾಬಾದ್ ಪಕ್ಕದ ಮಾಚನೂರಿನ ಹಳ್ಳಿಗರು ಇದನ್ನು ಓದಿ ನಕ್ಕಿರಬೇಕು. ಅಲ್ಲಿಯ ‘ಪಚ್ಚಸಾಲೆ’ 1990ರ ದಶಕದಿಂದಲೇ ಅದನ್ನು ಮಾಡುತ್ತಿತ್ತು, ಹತ್ತು ದಿನವಲ್ಲ, ವರ್ಷಪೂರ್ತಿ. ಕೂಲಿಗೆ, ದನ ಮೇಯಿಸಲು ಹೋಗಿ ಶಾಲೆ ತಪ್ಪಿದ ಬಡ ಮಕ್ಕಳಿಗಾಗಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ತೆರೆದ ಶಾಲೆ. ಓದು ಬರಹ ಗಣಿತದ ಜೊತೆಗೇ ಬಡಗಿ ಕೆಲಸ, ಗಾರೆ ಕೆಲಸ, ಕುಂಬಾರಿಕೆ, ಹೊಲಿಗೆ, ಪುಸ್ತಕ ಕಟ್ಟುವುದು, ಬೇಸಾಯ, ನಾಟಿ ಔಷಧಿ. ಅಳತೆಯ ಪಾಠವನ್ನು ಹಲಗೆ ಕೊಯ್ದು ಕಲಿತ ಹುಡುಗನಿಗೆ ಮಿಲಿಮೀಟರ್ ಎಂದರೆ ಏನೆಂದು ಮರೆಯುವುದಿಲ್ಲ. ತಪ್ಪಿದರೆ ಕಾಲುಮಣೆ ಕುಂಟುತ್ತದೆ.

ಆ ಸೊಸೈಟಿಯನ್ನು 1983ರಲ್ಲಿ ಕಟ್ಟಿದವರಲ್ಲಿ ಪ್ರಮುಖರು ಯಾರು ಗೊತ್ತೇ? ಮೈಸೂರಿನಲ್ಲಿ ಹುಟ್ಟಿದ ಪಿ. ವಿ. ಸತೀಶ್ (1945–2023). ಎರಡು ದಶಕ ದೂರದರ್ಶನದಲ್ಲಿ ಕಾರ್ಯಕ್ರಮ ನಿರ್ಮಾಪಕರಾಗಿದ್ದವರು. ದಲಿತ ರೈತ ಮಹಿಳೆಯರ ಸಂಘಗಳೊಡನೆ ಸಿರಿಧಾನ್ಯ ಬಿತ್ತಿದರು. 2019ರಲ್ಲಿ ಸೊಸೈಟಿಗೆ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಬಂತು. ಅಕ್ಷರ ಬಾರದ ಹೆಂಗಸರು ಇಲ್ಲಿ ಕ್ಯಾಮೆರಾ ಹಿಡಿದು ಸಾಕ್ಷ್ಯಚಿತ್ರ ತೆಗೆದರು. ಎಂಜಿನಿಯರಿಂಗ್ ಎಂದರೆ ಇಂಗ್ಲಿಷು, ಅಂಕಪಟ್ಟಿ, ಕೋಟಾ ಕೋಚಿಂಗು ಎಂದುಕೊಂಡಿರುವ ತಂದೆತಾಯಿ ಒಮ್ಮೆ ಈ ಕಡೆ ಬರಬೇಕು.

ಸತೀಶ್ ದುಡಿದ ಯೋಜನೆಗಳಲ್ಲಿ ಒಂದು ‘ಸೈಟ್’. 1975ರ ಆಗಸ್ಟಿನಿಂದ 1976ರ ಜುಲೈವರೆಗೆ ಅಮೆರಿಕದ ಎಟಿಎಸ್–6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ನೇರವಾಗಿ ಟಿವಿ ಪಾಠ. ಕನ್ನಡವೂ ಇತ್ತು, ತೆಲುಗೂ ಇತ್ತು. ಟಿವಿ ಪೆಟ್ಟಿಗೆಗಳನ್ನು ಮಾಡಿದ್ದು ಹೈದರಾಬಾದಿನ ಇಸಿಐಎಲ್. ಹತ್ತಡಿ ಅಗಲದ ಆಂಟೆನಾ ಯಾವುದರಿಂದ ಮಾಡಿದ್ದರು? ಕೋಳಿ ಗೂಡಿಗೆ ಹಾಕುವ ತಂತಿ ಬಲೆಯಿಂದ! ಅಲೆಯ ಉದ್ದಕ್ಕಿಂತ ಬಲೆಯ ಕಣ್ಣು ಸಾಕಷ್ಟು ಚಿಕ್ಕದಿದ್ದರೆ ಅಲೆಗೆ ಅದು ಗಟ್ಟಿ ತಗಡೇ. ದುಬಾರಿ ಮಾದರಿಗಳ ಮೇಲೆ ಹಣ ಸುರಿಯುವ ಶಾಲಾ ವಿಜ್ಞಾನ ಮೇಳಗಳು ಇದನ್ನು ಗಮನಿಸಲಿ.

ಭಾರತದಲ್ಲಿ ಸರ್ಕಾರದ ಪರವಾನಗಿ ಪಡೆದ, ಜನಸಮುದಾಯವೇ ನಡೆಸುವ ಮೊದಲ ಗ್ರಾಮೀಣ ರೇಡಿಯೊ ಕೂಡ ಮಾಚನೂರಿನದೇ: ಸಂಘಂ ರೇಡಿಯೊ, 2008ರ ಅಕ್ಟೋಬರ್ 15ರಿಂದ. ಯುನೆಸ್ಕೊ ನೆರವಿನಿಂದ ಸ್ಟುಡಿಯೊ ಹತ್ತು ವರ್ಷ ಮುಂಚೆಯೇ ತಯಾರಿತ್ತು. ಪರವಾನಗಿ ಇಲ್ಲದ್ದರಿಂದ ಅಷ್ಟು ಕಾಲ ಹೆಂಗಸರು ಕ್ಯಾಸೆಟ್ಟಿಗೆ ಧ್ವನಿ ತುಂಬಿ ಊರೂರಿಗೆ ಒಯ್ದು ಕೇಳಿಸಿದರು. ಪ್ರಸಾರ 90.4 ಮೆಗಾಹರ್ಟ್ಸ್‌ನಲ್ಲಿ. 300ನ್ನು 90.4ರಿಂದ ಭಾಗಿಸಿ: ಅಲೆಯ ಉದ್ದ 3.3 ಮೀಟರ್. ಅದರ ಕಾಲುಭಾಗ, 83 ಸೆಂಟಿಮೀಟರ್ ತಂತಿ ಕತ್ತರಿಸಿ ಹಳೆ ರೇಡಿಯೊದ ಆಂಟೆನಾಗೆ ಸಿಕ್ಕಿಸಿ ನೋಡಿ. ಆಮೇಲೆ 20 ಸೆಂಟಿಮೀಟರ್ ತಂತಿ ಹಾಕಿ ನೋಡಿ.

ಜಹೀರಾಬಾದಿನ ಟ್ರ್ಯಾಕ್ಟರ್ ಎಲ್ಲರಿಗೂ ಗೊತ್ತು. ಅದಕ್ಕೆ ಮುಂಚೆ ಅಲ್ಲಿ ತಯಾರಾಗುತ್ತಿದ್ದದ್ದು? 1980ರ ದಶಕದಲ್ಲಿ ಹೈದರಾಬಾದ್ ಆಲ್ವಿನ್ ಕಂಪನಿ ಜಪಾನಿನ ನಿಸ್ಸಾನ್ ಜೊತೆ ಸೇರಿ ಕಟ್ಟಿದ ಸಣ್ಣ ಲಾರಿಗಳು. ಫ್ರಿಜ್ಜು, ಗಡಿಯಾರಕ್ಕೆ ಹೆಸರಾದ ಅದೇ ಆಲ್ವಿನ್. ಆಮೇಲೆ ಮಹೀಂದ್ರಾ ಕೈಗೆ ಬಂತು. ಟ್ರ್ಯಾಕ್ಟರ್ ಕಾರ್ಖಾನೆ ಶುರುವಾದದ್ದು 2012ರಲ್ಲಿ. 2025ರ ಮಾರ್ಚಿಗೆ ಮೂರು ಲಕ್ಷದ ಟ್ರ್ಯಾಕ್ಟರ್ ಹೊರಬಂತು. 2023ರ ಆಗಸ್ಟ್ 15ರಂದು ದಕ್ಷಿಣ ಆಫ್ರಿಕಾದ ಕೇಪ್‌ಟೌನಿನಲ್ಲಿ ಬಿಡುಗಡೆಯಾದ ‘ಓಜಾ’ ಟ್ರ್ಯಾಕ್ಟರುಗಳು ಇಲ್ಲಿಯವೇ.

ಆದರೆ ನನ್ನ ಮಾತು ಕೇಳುವುದಾದರೆ, ಅರವತ್ತು ಮಕ್ಕಳನ್ನು ಹಳದಿ ಗೆರೆಯೊಳಗೆ ಸಾಲು ಹಿಡಿಸಿ ದೊಡ್ಡ ಕಾರ್ಖಾನೆ ಸುತ್ತಿಸಿದರೆ ಅವರು ನೋಡುವುದು ಮುಂದಿನವನ ಹೆಲ್ಮೆಟ್ಟು. ನೆನಪಿರುವುದು ಕೊನೆಗೆ ಕೊಟ್ಟ ಬಿಸ್ಕೆಟ್ ಪೊಟ್ಟಣ. ಹತ್ತು ಮಕ್ಕಳನ್ನು ಊರ ಟ್ರ್ಯಾಕ್ಟರ್ ಮಿಸ್ತ್ರಿಯ ಗ್ಯಾರೇಜಿಗೆ ಕಳಿಸಿ. ಎಂಜಿನ್ ಬಿಚ್ಚಿ ಹರವಿಟ್ಟ ದಿನ ಕಳಿಸಿ. ಹದಿನಾರರ ಪಾನಾ ಯಾವುದು, ಹದಿನೇಳರದು ಯಾವುದು ಎಂದು ಕೈಯಿಂದ ತಿಳಿಯಲಿ. ಪಿಸ್ಟನ್ ಎತ್ತಿ ನೋಡಲಿ. ಕೈಗೆ ಗ್ರೀಸು ಹತ್ತಲಿ. ಕಾರ್ಖಾನೆಗೆ ಆಮೇಲೆ ಕರೆದೊಯ್ದರೆ ಅದೇ ಮಕ್ಕಳು ಎಂಜಿನಿಯರನ್ನು ಪ್ರಶ್ನೆ ಕೇಳಿ ನಿಲ್ಲಿಸುತ್ತಾರೆ.

ಕೇಳಬಹುದಾದ ಒಂದು ಪ್ರಶ್ನೆ: ಟ್ರ್ಯಾಕ್ಟರಿನ ಹಿಂದೆ ತಿರುಗುವ ಪಿಟಿಒ ದಂಡದ ಮೇಲೆ 540 ಎಂದು ಏಕೆ ಬರೆದಿರುತ್ತದೆ? ನಿಮಿಷಕ್ಕೆ 540 ಸುತ್ತು, ಇದು ಜಗತ್ತಿನಾದ್ಯಂತ ಒಪ್ಪಿದ ಅಳತೆ. ಹಾಗಿರುವುದರಿಂದಲೇ ಒಂದು ಕಂಪನಿಯ ಟ್ರ್ಯಾಕ್ಟರಿಗೆ ಇನ್ನೊಂದರ ರೋಟಾವೇಟರ್ ಕೂಡುತ್ತದೆ.

ಹೈದರಾಬಾದ್ ಹೆದ್ದಾರಿಯ ಮೇಲೆ ಸಂಗಾರೆಡ್ಡಿ ಪಕ್ಕದ ಕಂದಿಯಲ್ಲಿ ಐಐಟಿ ಇದೆ. 2008ರಲ್ಲಿ ಹುಟ್ಟಿದಾಗ ಅದಕ್ಕೆ ಸ್ವಂತ ಸೂರಿರಲಿಲ್ಲ. ತರಗತಿ ನಡೆದದ್ದು ಸೈನ್ಯದ ಯುದ್ಧವಾಹನ ತಯಾರಿಸುವ ಯೆದ್ದುಮೈಲಾರಂ ಆರ್ಡ್‌ನೆನ್ಸ್ ಕಾರ್ಖಾನೆಯ ಆವರಣದಲ್ಲಿ. ಕಂದಿಗೆ ಬಂದದ್ದು 2015ರಲ್ಲಿ. ಚಾಲಕರಿಲ್ಲದ ವಾಹನ, ಡ್ರೋನ್‌ಗಳನ್ನು ಓಡಿಸಿ ಪರೀಕ್ಷಿಸುವ ‘ತಿಹಾನ್’ ಅಂಗಳ ಅಲ್ಲಿ 2022ರಲ್ಲಿ ತೆರೆಯಿತು.

ಹೈದರಾಬಾದಿಗೆ ಹೋಗಲೇಬೇಕೆಂದರೆ ರಾಯದುರ್ಗದ ಟಿ–ವರ್ಕ್ಸ್ ಪಟ್ಟಿಗೆ ಸೇರಲಿ. 2023ರ ಮಾರ್ಚ್ 2ರಂದು ತೆರೆದ, 78,000 ಚದರಡಿಯ ಮಾದರಿ ತಯಾರಿಕಾ ಕೇಂದ್ರ. ತಲೆಯಲ್ಲಿರುವ ಯಂತ್ರವನ್ನು ಮೇಜಿನ ಮೇಲೆ ತರಲು ಬೇಕಾದ ಲೇಸರ್, ಲೇತ್, ತ್ರೀಡಿ ಪ್ರಿಂಟರ್ ಒಂದೇ ಸೂರಿನಡಿ.

ತಾಂಡೂರಿನವರಿಗೆ ಕಲಬುರಗಿಯೂ ರೈಲಿನ ದಾರಿಯೇ. ಅಲ್ಲಿಯ ಜಿಲ್ಲಾ ವಿಜ್ಞಾನ ಕೇಂದ್ರ 1984ರದು. ವಸ್ತುಗಳನ್ನು ಮುಟ್ಟಿ, ತಿರುಗಿಸಿ, ಎಳೆದು ನೋಡಲೆಂದೇ ಇಟ್ಟಿದ್ದಾರೆ.

ಸರ್ಕಾರದ ಯೋಜನೆಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಅಟಲ್ ಟಿಂಕರಿಂಗ್ ಲ್ಯಾಬ್, 2016ರಿಂದ, ಆರರಿಂದ ಹನ್ನೆರಡನೇ ತರಗತಿಗೆ, ಶಾಲೆಗೆ 20 ಲಕ್ಷ ರೂಪಾಯಿವರೆಗೆ ನೆರವು. ಐದು ವರ್ಷಗಳಲ್ಲಿ ಸರ್ಕಾರಿ ಶಾಲೆಗಳಲ್ಲಿ 50,000 ಲ್ಯಾಬ್ ಎಂದು 2025ರ ಬಜೆಟ್ ಘೋಷಿಸಿತು. ಬೀಗ ಹಾಕಿ ಇನ್‌ಸ್ಪೆಕ್ಷನ್ ದಿನ ಮಾತ್ರ ತೆರೆಯುವ ಲ್ಯಾಬಿನಿಂದ ಏನೂ ಆಗದು, ಅದು ಬೇರೆ ಮಾತು. ಇನ್‌ಸ್ಪೈರ್ ಮಾನಕ್: ಹೊಸ ಕಲ್ಪನೆ ಬರೆದು ಕಳಿಸಿ ಆಯ್ಕೆಯಾದವರಿಗೆ ಮಾದರಿ ಮಾಡಲು 10,000 ರೂಪಾಯಿ. ಇಸ್ರೊದ ‘ಯುವಿಕಾ’: 2019ರಿಂದ, ಒಂಬತ್ತನೇ ತರಗತಿಯವರಿಗೆ ಬಾಹ್ಯಾಕಾಶ ವಿಜ್ಞಾನದ ತರಬೇತಿ.

ಶಾಲಾ ಬಾಲಕಿಯರು ಉಪಗ್ರಹ ಮಾಡಿದ್ದಾರೆಯೇ? 75 ಶಾಲೆಗಳ 750 ಬಾಲಕಿಯರು ಜೋಡಿಸಿದ ಭಾಗಗಳಿದ್ದ ‘ಆಜಾದಿಸ್ಯಾಟ್’ 2022ರ ಆಗಸ್ಟ್ 7ರಂದು ಎಸ್‌ಎಸ್‌ಎಲ್‌ವಿ ರಾಕೆಟ್ಟಿನಲ್ಲಿ ಹೊರಟು ಸರಿಯಾದ ಕಕ್ಷೆ ಸಿಗದೆ ನಷ್ಟವಾಯಿತು. ಆರೇ ತಿಂಗಳಲ್ಲಿ, 2023ರ ಫೆಬ್ರವರಿ 10ರಂದು, ಎರಡನೆಯದು ಕಕ್ಷೆ ಸೇರಿತು.

ಇಷ್ಟಕ್ಕೂ ಖರ್ಚು? ಗ್ರಾಮೀಣ ಸರ್ಕಾರಿ ಶಾಲೆಯ ಮಕ್ಕಳಿಗೆ ಅಧ್ಯಯನ ಪ್ರವಾಸಕ್ಕೆಂದು ವರ್ಷಕ್ಕೊಮ್ಮೆ ರೈಲಿನ ಎರಡನೇ ದರ್ಜೆಯಲ್ಲಿ ಶೇ 75 ರಿಯಾಯಿತಿ ಉಂಟು. ಮುಖ್ಯೋಪಾಧ್ಯಾಯರು ಹೋಗಬೇಕಾದದ್ದು ರೈಲ್ವೆ ಕಚೇರಿಗೆ, ಶಾಲೆಯ ಪತ್ರದೊಂದಿಗೆ, ಹೊರಡುವ ಹಿಂದಿನ ದಿನವಲ್ಲ, ವಾರಗಳ ಮುಂಚೆ.